ಹೆಡ್ ಮಿಸ್ ನಿಂತೇ ಇದ್ದರು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ವಿಜಯನಗರದ ಮನೆಗೆ ನಾಯಂಡಹಳ್ಳಿಯ ಲೇತ್ ಕೆಲಸಗಾರರೊಬ್ಬರು ಬಾಳೆಹಣ್ಣು ಹಿಡಿದು ಬಂದರು. ಅವರು ಶಾಲೆ ಬಿಡಿಸಿದ್ದ ಮಗಳನ್ನು ಮನೆಗೇ ಹೋಗಿ ಶಾಲೆಗೆ ವಾಪಸ್ ಕರೆತಂದಿದ್ದು ಹೆಡ್ ಮಿಸ್, ಅಂದರೆ ನನ್ನ ಹೆಂಡತಿ. ಈಗ ಆ ಹುಡುಗಿ ಏಳನೇ ಕ್ಲಾಸ್ ಪಾಸಾಗಿದ್ದಳು.

ಅವರನ್ನು ಕೂರಿಸಿ, ಟಿವಿಯಿಂದ ಕಣ್ಣು ತೆಗೆಯದೆ, "ಏಯ್, ಯಾರೋ ಬಂದಿದಾರೆ ನೋಡೇ" ಎಂದು ಕೂಗಿದೆ. ಅವಳು ಬಂದ ಕೂಡಲೇ ಅವರು ಎದ್ದುನಿಂತರು. ಮನೆಯಲ್ಲಿರುವುದು ಎರಡೇ ಕುರ್ಚಿ. ಇನ್ನೊಂದರಲ್ಲಿ ನಾನಿದ್ದೆ.

"ನೀವು ಕೂತ್ಕೊಳಿ ಮಿಸ್."

"ಪರವಾಗಿಲ್ಲ, ಕಾಫಿ ತರ್ತೀನಿ."

"ನೀವ್ಯಾಕೆ ಮಿಸ್? ಸಾರ್ ತರ್ತಾರೆ ಬಿಡಿ."

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಹಾಗೇ ನಡೆಯುವ ಮನೆ ಇದು ಎಂದು ನಿಜವಾಗಿ ನಂಬಿದ್ದರು. ಅವಳು ನಕ್ಕಳು. "ಅವರಿಗೆ ಕಾಫಿಪುಡಿ ಡಬ್ಬ ಎಲ್ಲಿದೆ ಅಂತಾನೇ ಗೊತ್ತಿಲ್ಲ."

ಅವರು ನಿಂತೇ ಕಾಫಿ ಕುಡಿದು ಹೊರಟರು.

"ಆ ಮನುಷ್ಯನಿಗೆ ನಿನ್ನ ಮೇಲೆ ತುಂಬಾ ಗೌರವ" ಎಂದೆ, ಹೊಗಳುವವನ ಹಾಗೆ.

ಲೋಟ ಎತ್ತಿಕೊಳ್ಳುತ್ತಾ ಅವಳು ಹೇಳಿದಳು: "ಅವರು ನನ್ನ ಕೆಲಸ ನೋಡಿದಾರೆ."

ನಾನೂ ನೋಡಿದ್ದೇನೆ. ಹದಿನೆಂಟು ವರ್ಷದಿಂದ, ಕೂತಲ್ಲಿಂದಲೇ.