ಬೀಜ ಬಲಿಯುವವರೆಗೆ

ಐವತ್ತರ ದಶಕದಲ್ಲಿ ವೇಣೂರಿನ ನಮ್ಮ ನೆರೆಮನೆಯಲ್ಲಿದ್ದ ನಾಟಿಮದ್ದಿನ ಪಂಡಿತರು ಯಾವ ಎಲೆಯನ್ನು ಮುಟ್ಟುವ ಮೊದಲೂ ಹೆಗಲ ಮೇಲಿನ ಬೈರಾಸಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಏನು ಕೇಳಿದರೂ ಅವರದು ಒಂದೇ ಮಾತು: "ನೋಡುವ, ಅವಸರ ಬೇಡ."

ನಾರಾವಿ ಊರಿನಲ್ಲಿದ್ದ ಅಕ್ಕ ಕೊಟ್ಟಿದ್ದ ಯಾವುದೋ ಬೀಜಗಳನ್ನು ನಾನು ಸೌತೆಬೀಜದ ಹಾಗೆ ಸೆಗಣಿನೀರಿನಲ್ಲಿ ನೆನೆಸಿ ಬಿತ್ತಿದ್ದೆ. ಗಿಡ ಮೊಗ್ಗಾದಾಗ ಮಗಳಿಗೆ ಜ್ವರ. ಇಳಿದರೆ ಈ ಹೂವನ್ನೇ ದೇವಿಗೆ ಕೊಡುತ್ತೇನೆಂದು ಹರಸಿಕೊಂಡೆ. ದೇವಿ ಕೈಬಿಡಲಿಲ್ಲ, ಜ್ವರ ಇಳಿಯಿತು. ದಾಸವಾಳದಂಥ ಹಳದಿ ಹೂ ಅರಳಿತು, ನಡುವೆ ಕಡುನೇರಳೆ. ಅತ್ತೆ ತಡೆದರು. "ಹೆಸರೇ ಗೊತ್ತಿಲ್ಲದ ಹೂ ದೇವರಿಗೆ ಇಡುವುದುಂಟಾ? ವಿಷದ್ದಾದರೆ?"

ಪಂಡಿತರನ್ನು ಕರೆದೆ. ಹೂವನ್ನು ತಿರುಗಿಸಿ ನೋಡಿ, "ಬೆಂಡೆಯ ಕುಲ. ಆದರೆ ಯಾವುದು ಅಂತ ಬೀಜವೇ ಹೇಳಬೇಕು. ಬಿತ್ತುವಾಗ ಮೂಸಿದ್ದೀರಾ?" ಎಂದರು.

"ಸೆಗಣಿ ವಾಸನೆ ಇತ್ತು," ಎಂದೆ.

ಅವರು ಅಪರೂಪಕ್ಕೆ ನಕ್ಕರು.

"ಏನಾದರೊಂದು ಹೆಸರು ಹೇಳಿಬಿಡಿ, ಅತ್ತೆ ಒಪ್ತಾರೆ," ಎಂದು ಬೇಡಿದೆ.

"ಹರಕೆ ನಿಮ್ಮದು, ಸುಳ್ಳು ನನ್ನದಾಗ್ತದೆ ಅಮ್ಮ. ನೋಡುವ."

ಕಾಯಿ ಒಣಗುವಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ನಾನು ಒಯ್ದ ಕಾಯಿಯನ್ನು ಕೈ ಒರೆಸಿಕೊಂಡೇ ಒಡೆದರು, ಬೀಜವನ್ನು ಉಜ್ಜಿ ಮೂಸಿ ನನ್ನ ಕಡೆಗೂ ಹಿಡಿದರು. ಕಸ್ತೂರಿಯ ಪರಿಮಳ.

"ಕಸ್ತೂರಿ ಬೆಂಡೆ. ಮದ್ದಿನ ಗಿಡ. ದೇವಿಗೆ ಧಾರಾಳ ಆಗ್ತದೆ."

ಗಿಡದ ತುದಿಯಲ್ಲಿ ಇನ್ನೂ ಹೂಗಳಿದ್ದವು. ಮರುದಿನ ಮಿಂದು ಬಂದು ಅತ್ತೆಯೇ ಒಂದನ್ನು ಕೊಯ್ದು ನನ್ನ ಕೈಗಿತ್ತರು. ಪೂಜೆ ಮುಗಿದ ಮೇಲೆ ಅದರ ಒಂದು ಎಸಳನ್ನು ಬಾಳೆಲೆಯ ತುಂಡಿನಲ್ಲಿಟ್ಟು, ಪ್ರಸಾದವೆಂದು ಪಂಡಿತರ ಮನೆಗೆ ತಾವೇ ನಡೆದರು.