ಹೆಜ್ಜೆ ಕೂಡದ ಎರಡು ಜನರೇಟರುಗಳು

ಲೋಕವೆಲ್ಲ ಕತ್ತಲೆಗೆ ಹೆದರಿದರೆ ನಮ್ಮ ದೀಪದಣ್ಣ ಬೆಳಕಿಗೆ ಹೆದರುತ್ತಿದ್ದ. ಆಸ್ಪತ್ರೆಯ ಜನರೇಟರ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆಸಾಮಿ. ಒಮ್ಮೆ ಕರೆಂಟಿನ ತಂತಿ ಹಿಡಿದಾಗ ಇವನ ನಡುಕ ಕಂಡು ತಂತಿಯೇ ಹೆದರಿ ಕೈಬಿಟ್ಟಿತಂತೆ. ನಂಬುವವರು ನಂಬಿ, ಬಿಡುವವರು ಬಿಡಿ.

ಹೆದರಿಕೆಗೆ ಕಾರಣ ಗೋಡೆಯ ಮೇಲಿನ ಮೂರು ಬಲ್ಬುಗಳು. ಎರಡು ಜನರೇಟರುಗಳನ್ನು ಜೋಡಿಸುವ ಮುನ್ನ ಈ ಬಲ್ಬುಗಳನ್ನು ನೋಡಬೇಕು. ಎರಡರ ಕರೆಂಟಿನ ಅಲೆಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದಾಗ ಬಲ್ಬು ಆರುತ್ತದೆ. ಆಗಲೇ ಸ್ವಿಚ್ ಹಾಕಬೇಕು. ಉರಿಯುವಾಗ ಹಾಕಿದರೆ ಎರಡೂ ಯಂತ್ರಗಳ ಕಥೆ ಮುಗಿಯಿತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೊದಲ ಜನರೇಟರು ಹೊರೆ ತಾಳದೆ ಕೆಮ್ಮತೊಡಗಿತು. ಮೇಲಿನ ಮಹಡಿಯಲ್ಲಿ ಆಪರೇಷನ್ ಮೇಜಿನ ಮೇಲೆ ಮಲಗಿದ್ದವಳು ಅವನ ಒಡಹುಟ್ಟಿದ ಅಕ್ಕ. ದೀಪದಣ್ಣ ಎರಡನೆಯದನ್ನು ಚಾಲೂ ಮಾಡಿದ. ಮೀಟರಿನ ಮುಳ್ಳುಗಳೆರಡೂ ಒಂದೇ ಅಂಕೆಯಲ್ಲಿ ನಿಂತವು. ಬಲ್ಬುಗಳು ಮಾತ್ರ ಬೆಳಕು ಏರದೆ, ಇಳಿಯದೆ, ಬೆಕ್ಕಿನ ಕಣ್ಣಿನ ಹಾಗೆ ಅವನನ್ನೇ ದಿಟ್ಟಿಸುತ್ತಿದ್ದವು.

ಮೇಲ್ವಿಚಾರಕ ಓಡಿ ಬಂದ. "ಎರಡೂ ಒಂದೇ ಸ್ಪೀಡಲ್ಲಿದೆ. ಹಾಕಯ್ಯಾ ಸ್ವಿಚ್ಚು!"

"ಸ್ಪೀಡು ಒಂದೇ ಸಾರ್, ಹೆಜ್ಜೆ ಬೇರೆ. ನಾವಿಬ್ರೂ ಜೊತೇಲಿ ನಡೀತಿದೀವಿ ಅನ್ಕೊಳ್ಳಿ. ನೀವು ಬಲಗಾಲು ಇಟ್ಟಾಗ ನಾನು ಎಡಗಾಲು. ಸಂಜೆವರೆಗೂ ನಡೆದ್ರೂ ಆ ಅಂತರ ಹಾಗೇ ಇರತ್ತೆ. ಈಗ ಕಾಲಿಗೆ ಕಾಲು ಕಟ್ಟಿದ್ರೆ?"

"ಮೂತಿ ಒಡ್ಕೋತೀವಿ. ಮತ್ತೇನ್ಮಾಡ್ತೀಯಾ?"

"ಸ್ಪೀಡು ಕೆಡಿಸ್ತೀನಿ."

"ಸರಿಯಾಗಿರೋದನ್ನ ಕೆಡಿಸ್ತೀಯಾ? ತಲೆ ಕೆಟ್ಟಿದೆಯೇನೋ!"

ದೀಪದಣ್ಣ ಎರಡನೆಯದರ ವೇಗದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಅದು ಚೂರು ಬೇಗ ಓಡಿ, ಮೊದಲನೆಯದರ ಹೆಜ್ಜೆಯನ್ನು ಒಮ್ಮೆ ಕೂಡುತ್ತ, ಒಮ್ಮೆ ತಪ್ಪುತ್ತ ಹೋಯಿತು. ಬಲ್ಬುಗಳು ಮೆಲ್ಲಗೆ ಉಸಿರಾಡತೊಡಗಿದವು. ಬೆಳಕು ಏರಿತು, ಇಳಿಯಿತು, ಆರಿತು. ಕೈ ಮರಗಟ್ಟಿತ್ತು; ಹಾಕಲಾಗಲಿಲ್ಲ. ಮತ್ತೆ ಉರಿಯಿತು.

"ಅಯ್ಯೋ ಪುಣ್ಯಾತ್ಮಾ!" ಎಂದ ಮೇಲ್ವಿಚಾರಕ.

ಮೊದಲ ಜನರೇಟರು ಕಪ್ಪು ಹೊಗೆ ಕಾರಿ ಕುಸಿಯುವಂತಾಯಿತು. ಬಲ್ಬುಗಳು ಮತ್ತೆ ಮಂಕಾದವು, ಕೆಂಡದೆಳೆಯಷ್ಟಾದವು, ಆರಿದವು. ಅಕ್ಕನನ್ನು ನೆನೆದು ಕಣ್ಣು ಮುಚ್ಚದೆ ಸ್ವಿಚ್ ಎಳೆದೇಬಿಟ್ಟ.

ಠಕ್! ಅಷ್ಟೇ. ಎರಡೂ ಒಂದೇ ಉಸಿರಲ್ಲಿ ಗುಂಯ್‌ಗುಟ್ಟಿದವು.

ಸಂಜೆ ಎಚ್ಚರಗೊಂಡ ಅಕ್ಕ ಮಂಚದ ಪಕ್ಕದಲ್ಲಿದ್ದ ತಮ್ಮನನ್ನು ನೋಡಿದಳು. "ಕೊಯ್ಸಿಕೊಂಡೋಳು ನಾನು. ನಿಂಗ್ಯಾಕೋ ನಡುಕ?"

ಅವನು ಬಗ್ಗಿ ನೋಡಿಕೊಂಡ. ಎರಡು ಮಂಡಿಗಳೂ ಒಂದೇ ವೇಗದಲ್ಲಿ ನಡುಗುತ್ತಿದ್ದವು. ಹೆಜ್ಜೆ ಮಾತ್ರ ಇನ್ನೂ ಕೂಡಿರಲಿಲ್ಲ.