ದವಸದ ಕೋಣೆಯ ಗಂಟೆ

ಆ ಕೋಣೆಗೆ ಕಿಟಕಿ ಇರಲಿಲ್ಲ. ಅದಕ್ಕೇ ಅದನ್ನು ಆರಿಸಿದೆ. ಹಿತ್ತಿಲಿನಲ್ಲಿ, ಮನೆಗೆ ಅಂಟದ ಹಾಗೆ, ದವಸ ಇಡಲು ಮಾವನವರು ಕಟ್ಟಿಸಿದ್ದ ಕಲ್ಲುಗೋಡೆಯ ಕೋಣೆ. ಒಂದೇ ಬಾಗಿಲು. ಬೆಳಕಿಗೆಂದು ಮಾಡಿನಲ್ಲಿ ಒಂದು ಗಾಜಿನ ಹೆಂಚು. ಮಗಳ ಐದನೇ ತರಗತಿಯನ್ನು ಅಲ್ಲಿಗೆ ತಂದುಬಿಟ್ಟೆ.

ನಮ್ಮೂರು ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ, ಕಾಡಂಚಿನಲ್ಲಿ. ಶಾಲೆ ಇರುವುದು ಪಕ್ಕದ ಊರಿನಲ್ಲಿ. ದಾರಿಯ ಒಂದು ಬದಿಗೆ ಹೊಲ, ಇನ್ನೊಂದು ಬದಿಗೆ ಆನೆ ದಾಟದಿರಲೆಂದು ಇಲಾಖೆಯವರು ತೋಡಿಸಿದ ಕಂದಕ, ಅದರಾಚೆ ಲಾಂಟಾನ ಪೊದೆ. ತೊಂಬತ್ತರ ದಶಕದ ನಡುವಿನ ಒಂದು ಜೂನ್. ಹೊಸ ಚಪ್ಪಲಿ ಕಚ್ಚಿ ಮಗಳು ಬೇರೆ ಮಕ್ಕಳಿಗಿಂತ ಹಿಂದೆ ಬಿದ್ದಿದ್ದಳು. ಹಾಗಾಗಿ ನಾನೂ ಜೊತೆಗೆ ಹೊರಟಿದ್ದೆ. ನನ್ನ ಕಣ್ಣೆಲ್ಲ ಪೊದೆಯ ಮೇಲಿತ್ತು. ಆನೆ ಬಂದದ್ದು ಹೊಲದ ಕಡೆಯಿಂದ. ರಾತ್ರಿ ಮೇದು ಕಾಡಿಗೆ ವಾಪಸು ಹೊರಟಿದ್ದ ಒಂಟಿ ಸಲಗ. ನಾವು ಅದರ ದಾರಿಗೆ ಅಡ್ಡ ಇದ್ದೆವು.

ಮಗಳನ್ನು ಎಳೆದುಕೊಂಡು ಕಂದಕಕ್ಕೆ ಜಾರಿದೆ. ಅದು ಅಂಚಿಗೆ ಬಂದು ನಿಂತಿತು. ಕಾಲ ಕೆಳಗಿನ ಮಣ್ಣು ಕುಸಿದು ನಮ್ಮ ತಲೆಯ ಮೇಲೆ ಉದುರುತ್ತಿತ್ತು. ಅವಳು ಕಿರುಚದಿರಲೆಂದು ಬಾಯಿ ಮುಚ್ಚಿ ಹಿಡಿದಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಅದು ಕಂದಕದ ಗುಂಟ ನಡೆದು, ದಡ ಕುಸಿದ ಕಡೆ ದಾಟಿ ಹೋಯಿತು. ಹತ್ತಲಾಗದೆ ಅಲ್ಲೇ ಕೂತಿದ್ದ ನಮ್ಮನ್ನು ಗಾಡಿಯವನೊಬ್ಬ ಟವಲು ಇಳಿಬಿಟ್ಟು ಎಳೆದುಕೊಂಡ. ಅಂಗೈಗೆ ಅವಳ ಉಸಿರು ಬಡಿಯುತ್ತಿದ್ದದ್ದು ಈಗಲೂ ಹಿಟ್ಟು ತಿರುವುವಾಗ, ಬಸ್ಸಿನಲ್ಲಿ ಕೂತಿರುವಾಗ, ಇದ್ದಕ್ಕಿದ್ದಂತೆ ಮರಳುತ್ತದೆ.

ಇನ್ನು ಅವಳು ಆ ದಾರಿ ತುಳಿಯುವುದಿಲ್ಲ ಎಂದು ನಾನು ಅಂದೇ ಹೇಳಿದೆ. ನಾನು ಚಾಮರಾಜನಗರದಲ್ಲಿ ಬೆಳೆದವಳು, ಬಿ.ಎ. ಮುಗಿಸಿದವಳು, ಐದನೇ ತರಗತಿಗೆ ನಾನು ಸಾಲದೆ ಎಂಬುದು ನನ್ನ ವಾದ. ಗಂಡನಿಗೆ ಚಾಮರಾಜನಗರದಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದರು. ಅವರು ಬೇಡವೆನ್ನಲಿಲ್ಲ. ಮುಂದಿನ ಸಲ ಬರುವಾಗ ಸೀಮೆಸುಣ್ಣ, ಕರ್ನಾಟಕದ ಭೂಪಟ ತಂದರು. ಶಾಲೆಯ ಮೇಷ್ಟರು ಸೈಕಲ್ಲಿನಲ್ಲಿ ಬಂದು, ದಸರೆಯೊಳಗೆ ಬಾರದಿದ್ದರೆ ಪರೀಕ್ಷೆಗೆ ಕೂರಿಸಲಾಗದೆಂದೂ ಆಮೇಲೆ ವರ್ಷವೇ ಹೋಗುತ್ತದೆಂದೂ ಹೇಳಿ ಮಜ್ಜಿಗೆ ಕುಡಿದು ಹೋದರು.

ರಾಗಿ ಮೂಟೆಗಳನ್ನು ನಡುಮನೆಗೆ ಸಾಗಿಸಿದೆವು. ಮಾಗಲೆಂದು ಒಳಗಿಟ್ಟಿದ್ದ ಹಲಸಿನ ಹಣ್ಣುಗಳಿಗೆ ಮನೆಯೊಳಗೆ ಜಾಗವಾಗಲಿಲ್ಲ. ಕೋಣೆಯ ಬಾಗಿಲ ಪಕ್ಕದ ಸೂರಿನ ಕೆಳಗೆ ಇಟ್ಟೆವು, ಆಮೇಲೆ ಕಿತ್ತವನ್ನೂ ಅಲ್ಲೇ ಇಡುತ್ತ ಬಂದೆವು. ಮುರಿದ ಮಂಚದ ಹಲಗೆಗೆ ಹಳೇ ಟಾರ್ಚ್ ಸೆಲ್ಲಿನ ಮಸಿಯನ್ನು ಹೀರೇಸೊಪ್ಪಿನ ರಸದಲ್ಲಿ ಕಲಸಿ ಬಳಿದಾಗ ಬೋರ್ಡಿಗೆ ಒಳ್ಳೆಯ ಕಪ್ಪು ಬಂತು. ಭೂಪಟ ನೇತುಹಾಕಿದ ಕೂಡಲೇ ಮಗಳು ನಮ್ಮೂರು ಹುಡುಕಿದಳು. ಗುಂಡ್ಲುಪೇಟೆ ಒಂದು ಚುಕ್ಕೆ, ಅದರ ಕೆಳಗೆಲ್ಲ ಹಸಿರು. ಆ ಹಸಿರಿನ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ನಿಂತಿದ್ದಳು.

ನಮ್ಮತ್ತೆ ಬಾಗಿಲಲ್ಲಿ ನಿಂತು ಎಲೆಅಡಿಕೆ ಅಗಿಯುತ್ತ ನೋಡಿದರು. "ಇಸ್ಕೂಲ್ನ ಹಿತ್ಲಿಗೆ ತಂದ್ಬುಟ್ಟೆ. ನಾಳೆ ಕೂಸ್ಗೆ ಗಂಡ್ನೂ ಇಲ್ಲಿಗೇ ತಂದು ಕಟ್ಟಾಕು ಕಣಮ್ಮಿ. ಕೂಸು ಹೊಸ್ಲೇ ದಾಟದು ಬ್ಯಾಡ."

ಶಾಲೆಯೆನಿಸಲು ಗಂಟೆಯೊಂದು ಬೇಕೆಂದು ಮಗಳು ಹಟ ಹಿಡಿದಳು. ನೇಗಿಲಿನ ಸವೆದ ಕಬ್ಬಿಣದ ಗುಳವನ್ನು ಸೂರಿಗೆ ಕಟ್ಟಿ, ಬೆಳಿಗ್ಗೆ ಹತ್ತಕ್ಕೆ ಅವಳ ಕೈಯಲ್ಲೇ ಬಡಿಸಿದೆ. ಮರುಗಳಿಗೆ ಬೀದಿಯೆಲ್ಲ ನಮ್ಮ ಹಿತ್ತಿಲಿಗೆ ನುಗ್ಗಿತು. ಒಬ್ಬನ ಕೈಯಲ್ಲಿ ಡಬ್ಬ, ಒಬ್ಬನ ಕೈಯಲ್ಲಿ ಪಟಾಕಿ. ಕಾಡಂಚಿನಲ್ಲಿ ಕಬ್ಬಿಣ ಬಡಿದರೆ ಆನೆ ಬಂತೆಂದೇ ಅರ್ಥ. ಅಷ್ಟು ವರ್ಷ ಆ ಊರಿನಲ್ಲಿ ಬಾಳಿದ ನನಗೆ ಅದು ಹೊಳೆದಿರಲಿಲ್ಲ. ಗಂಡಸರು ನನ್ನನ್ನು ಬೈಯಲಾಗದೆ ಒಬ್ಬರಿಗೊಬ್ಬರು ಬೈದುಕೊಂಡರು. ಕೊನೆಗೆ ಪಂಚಾಯಿತಿ ನಡೆದು, ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ನಮ್ಮ ಹಿತ್ತಿಲಲ್ಲಿ ಬಡಿದರೆ ಅದು ಶಾಲೆಯದು, ಯಾರೂ ಓಡಿ ಬರಬೇಕಿಲ್ಲ ಎಂದಾಯಿತು. ಸದ್ದು ಸ್ವಲ್ಪ ಕಡಿಮೆಯಾಗಲೆಂದು ಗುಳವನ್ನು ಕೋಣೆಯೊಳಗಿನ ತೊಲೆಗೆ ಕಟ್ಟಿದೆವು.

ಜುಲೈ ಬಂತು. ಗಾಜಿನ ಹೆಂಚಿನಿಂದ ಬಿದ್ದ ಬೆಳಕು ಬೆಳಿಗ್ಗೆ ಬೋರ್ಡಿನ ಮೇಲಿದ್ದು ಸಂಜೆ ಬಾಗಿಲಿಗೆ ಬರುತ್ತಿತ್ತು. ಮಗಳು ನಾನು ಹೇಳಿದ್ದನ್ನೆಲ್ಲ ಬರೆಯುತ್ತಿದ್ದಳು, ಏನನ್ನೂ ಕೇಳುತ್ತಿರಲಿಲ್ಲ. ಸಂಜೆಯ ಗಂಟೆಯಾದ ಮೇಲೂ ಬರೆಯುತ್ತ ಕೂತಾಗ, ಬೀದಿಯಲ್ಲಿ ಮಕ್ಕಳು ಶಾಲೆಯಿಂದ ಮರಳುವ ಗದ್ದಲ ಕೇಳಿದರೆ ಬರೆಯುವುದನ್ನು ನಿಲ್ಲಿಸುತ್ತಿದ್ದಳು, ಅಷ್ಟೆ. ಬಾಗಿಲನ್ನು ಮಾತ್ರ ನಾನು ತೆರೆಯಲು ಬಿಡುತ್ತಿರಲಿಲ್ಲ.

ಆ ಸಂಜೆ ನಾಲ್ಕಾಗುತ್ತ ಬಂದಿತ್ತು, ಆಷಾಢದ ಗಾಳಿ, ಜಡಿಮಳೆ. ಅತ್ತೆ ಯಾರದೋ ಮನೆಗೆ ಹೋಗಿದ್ದರು. ಭಾಗಾಕಾರ ಹೇಳಿಕೊಡುತ್ತಿದ್ದೆ. ಹೊರಗೆ ಏನೋ ಒಡೆದ ಸದ್ದಾಯಿತು, ಆಮೇಲೆ ಹಲಸಿನ ವಾಸನೆ ಇದ್ದಕ್ಕಿದ್ದಂತೆ ಒಳಗೆ ತುಂಬಿಕೊಂಡಿತು. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟೆ. ಬೂದುಬಣ್ಣ ಬಿಟ್ಟು ಬೇರೇನೂ ಕಾಣಲಿಲ್ಲ. ಅಷ್ಟು ಹತ್ತಿರ.

ನಾನು ಕೂತುಬಿಟ್ಟೆ. ಮಗಳು ಎದ್ದು ಗುಳ ಬಡಿದಳು. ಒಂದೇ ಸಮನೆ ಬಡಿದಳು. ಆನೆ ಕೋಣೆಗೆ ಮೈ ಒತ್ತಿತು. ಮಾಡಿನ ಮಣ್ಣು ಭೂಪಟದ ಮೇಲೆ ಸುರಿಯಿತು. ಬೀದಿಯಿಂದ ಯಾರೂ ಬರಲಿಲ್ಲ. ಬಾಗಿಲೊಂದೇ, ಅದರಾಚೆ ಅದು.

ಬಡಿಯುವುದನ್ನು ನಿಲ್ಲಿಸಿ ಅವಳು ಮೆಲ್ಲಗೆ ಹೇಳಿದಳು: "ಅವ್ವ, ಯಾರೂ ಬರಾಕಿಲ್ಲ. ಇಸ್ಕೂಲ್ ಬುಡ್ತು ಅಂದ್ಕಂಡವ್ರೆ."

ನನ್ನ ಕೈ ಅವಳ ಬಾಯಿಯ ಕಡೆಗೆ ಹೋಯಿತು. ಅವಳು ಅದನ್ನು ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹಾಗೇ ಕೂತೆವು. ಆನೆ ತೊಳೆಗಳನ್ನು ಸೆಳೆದು ತಿನ್ನುವ ಸದ್ದು, ಅದರ ಹೊಟ್ಟೆಯೊಳಗಿನ ಗುಡುಗು, ಎಲ್ಲ ಕೇಳುತ್ತಿತ್ತು. ಹಣ್ಣೆಲ್ಲ ಮುಗಿದ ಮೇಲೆ ಬೇಲಿ ಮುರಿದುಕೊಂಡು ಹೋಯಿತು.

ಸದ್ದಡಗಿದ ಮೇಲೆ ಮಗಳು ಅಂದಳು: "ದಾರೀಲಾದ್ರೆ ಓಡ್ಬೋದು, ಅವ್ವ."

ಕಂದಕದಲ್ಲಿ ನಾನು ಮುಚ್ಚಿದ್ದ ಬಾಯಿಯನ್ನು ಅಲ್ಲಿಯವರೆಗೂ ಬಿಟ್ಟೇ ಇರಲಿಲ್ಲವೇನೋ ಎನಿಸಿತು.

ಎದುರುಮನೆಯಾಕೆ ಬಂದು ಮುರಿದ ಬೇಲಿ ನೋಡಿ ಬಾಯಿಯ ಮೇಲೆ ಸೆರಗಿಟ್ಟುಕೊಂಡಳು. "ಇವತ್ತೇನು ಕೂಸು ಇಷ್ಟೊಂದು ಬಡೀತಾ ಅದೆ, ನಾಳೆ ರಜ ಇರ್ಬೇಕು ಅಂತ ನಗಾಡ್ಕಂಡು ಕೂತಿದ್ದೋ ಕಣಮ್ಮಿ," ಎಂದಳು.

ಸೋಮವಾರ ಮಗಳು ಬೇರೆ ಮಕ್ಕಳೊಂದಿಗೆ ಹೊರಟಳು, ಹಳೇ ಚಪ್ಪಲಿ ಹಾಕಿಕೊಂಡು. ಮುಂದೆ ಅತ್ತೆ, ಕೈಯಲ್ಲಿ ಡಬ್ಬ, ಕೋಲು. ನಾನು ಬಾಗಿಲವರೆಗೆ ಬಂದೆ, ಹೊಸ್ತಿಲು ದಾಟಲಾಗಲಿಲ್ಲ. ದವಸದ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡು ಅವಳ ಮಣೆಯ ಮೇಲೆ ಕೂತೆ. ಬೋರ್ಡಿನ ಮೇಲೆ ಅರ್ಧ ಮಾಡಿದ ಭಾಗಾಕಾರ ಹಾಗೇ ಇತ್ತು. ಬೆಳಕು ನಿಧಾನವಾಗಿ ಬಾಗಿಲ ಕಡೆಗೆ ಸರಿಯಿತು.

ಆಗ ಗಾಳಿ ತಿರುಗಿ, ಹೊಲಗಳಾಚೆಯಿಂದ ಕಬ್ಬಿಣ ಬಡಿದ ಸದ್ದು ತಂದಿತು. ಬಾಗಿಲು ತೆಗೆದದ್ದು, ಬೀದಿ ದಾಟಿದ್ದು ಯಾವುದೂ ನೆನಪಿಲ್ಲ. ಕಂದಕದ ದಾರಿಯಲ್ಲಿ, ಬರಿಗಾಲಲ್ಲಿ ಓಡುತ್ತಿದ್ದೆ. ಎದುರಿಗೆ ಮಕ್ಕಳ ಗುಂಪು ಬಂತು. ಮಗಳು ಏನನ್ನೋ ಅಗಿಯುತ್ತಿದ್ದಳು. ನನ್ನನ್ನು ನೋಡಿ ನಾಚಿ, ಗೆಳತಿಯರಿಗೆ ಕೇಳಿಸದ ಹಾಗೆ ಹತ್ತಿರ ಬಂದು ಹೇಳಿದಳು:

"ಯಾಕವ್ವ ಓಡ್ಬಂದೆ? ಅದು ಇಸ್ಕೂಲ್ ಬುಡೋ ಗಂಟೆ."